ನಾಲ್ಕುನೂರ ಐವತ್ತಾರು ಹೆಸರಿನ ಮತಪತ್ರ

1996 ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದ ಅಂತಿಮ ಕಣದಲ್ಲಿ ಉಳಿದ ಅಭ್ಯರ್ಥಿಗಳ ಸಂಖ್ಯೆ 456. ಒಂದು ಹೆಸರಿಗೂ ಅದರ ಪಕ್ಕದ ಚಿಹ್ನೆಗೂ ಸೇರಿ ಒಂದೇ ಒಂದು ಅಂಗುಲ ಜಾಗ ಕೊಟ್ಟು, ಎಂದಿನಂತೆ ಒಂದರ ಕೆಳಗೊಂದು ಅಚ್ಚು ಹಾಕುತ್ತ ಹೋದರೆ ಮತಪತ್ರ 38 ಅಡಿ ಉದ್ದವಾಗುತ್ತದೆ. ಎರಡು ಇಳಕಲ್ ಸೀರೆಗಳನ್ನು ಒಂದಕ್ಕೊಂದು ಗಂಟು ಹಾಕಿದಷ್ಟು. ಹಾಗಾಗಿ ಕಾಲಂ ಕಾಲಂ ಮಾಡಿ, ದಿನಪತ್ರಿಕೆಯ ಹಾಳೆಯಂತೆ ಹರಡಿ ಮುದ್ರಿಸುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಈ 456 ಜನರಲ್ಲಿ ಬಹುಪಾಲು ಮಂದಿ ಗೆಲ್ಲಲು ನಿಂತವರಲ್ಲ. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಬೇಡಿಕೆಯ ಮಹಾರಾಷ್ಟ್ರ ಏಕೀಕರಣ ಸಮಿತಿ, ಗಡಿ ಪ್ರಶ್ನೆಯತ್ತ ದೆಹಲಿಯ ಗಮನ ಸೆಳೆಯಲು ತನ್ನ ಬೆಂಬಲಿಗರಿಂದ ಸಾಲುಸಾಲಾಗಿ ನಾಮಪತ್ರ ಹಾಕಿಸಿತ್ತು. ಆದರೆ ಲೋಕಸಭಾ ಕ್ಷೇತ್ರ ಎಂಬುದು ಬೆಳಗಾವಿ ಪಟ್ಟಣವೊಂದೇ ಅಲ್ಲ. ಗೋಕಾಕ, ಬೈಲಹೊಂಗಲ, ರಾಮದುರ್ಗಗಳೂ, ಆಗ ಪರಸಗಡ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರವಾಗಿದ್ದ ಸವದತ್ತಿಯೂ ಅದರೊಳಗೇ ಇದ್ದವು. ಗಡಿಯ ಜಗಳ ಇವುಗಳ ಓಣಿಯದಲ್ಲ. ಮಲಪ್ರಭೆಯ ದಂಡೆಯಲ್ಲಿ ಜೋಳ, ಕಡಲೆ, ಹತ್ತಿ ಬೆಳೆಯುವ, ಯಲ್ಲಮ್ಮನ ಗುಡ್ಡಕ್ಕೆ ನಡೆದುಕೊಳ್ಳುವ ಮತದಾರನ ಕೈಗೂ ಬಂದದ್ದು ಇನ್ನೊಬ್ಬರ ದೂರಿನ ಅದೇ ಮತಪತ್ರ. ವಿಚಿತ್ರವೆಂದರೆ ಪಕ್ಕದ ಕಿತ್ತೂರಿನವರಿಗೆ ಈ ಫಜೀತಿ ಇರಲಿಲ್ಲ. ಕಿತ್ತೂರು ಆಗ ಆಡಳಿತಕ್ಕೆ ಬೈಲಹೊಂಗಲ ತಾಲ್ಲೂಕಿನಲ್ಲಿದ್ದರೂ ಲೋಕಸಭೆಯ ಲೆಕ್ಕಕ್ಕೆ ಕಾರವಾರ, ಶಿರಸಿಗಳ ಜೊತೆ ಕೆನರಾ ಕ್ಷೇತ್ರದಲ್ಲಿತ್ತು.

ಇದನ್ನು ಒಂದು ಚೇಷ್ಟೆ ಎಂದೋ, ಗಡಿ ವಿವಾದದ ಅಡಿಟಿಪ್ಪಣಿ ಎಂದೋ ಬಿಟ್ಟುಬಿಡುವುದು ಸುಲಭ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಚುನಾವಣಾ ಚರಿತ್ರೆಯನ್ನು ಹಿಂದಿನಿಂದ ನೋಡುತ್ತ ಬಂದರೆ ಈ ಮತಪತ್ರ ಒಂಟಿಯಾಗಿ ನಿಲ್ಲುವುದಿಲ್ಲ. ಚುನಾವಣೆ ಬಂದಾಗಲೆಲ್ಲ ಮಾತನಾಡುವವನು ಉಮೇದುವಾರ, ಕೇಳಿಸಿಕೊಳ್ಳುವವನು ಮತದಾರ. ಕೇಳಿ ಕೇಳಿ ಬೇಸತ್ತವನು ತಾನೂ ಮಾತನಾಡಲು ಹೊರಟಾಗ ಏನೇನು ಮಾಡಿದ, ಅದಕ್ಕೆ ಕಾನೂನು ಏನು ಉತ್ತರ ಕೊಟ್ಟಿತು ಎಂಬುದೇ ಇಲ್ಲಿಯ ಕಥೆ.

ಮೊದಲ ಮಹಾ ಚುನಾವಣೆ 1951-52 ರಲ್ಲಿ ನಡೆದಾಗ ಈ ಭಾಗ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಇಲ್ಲಿಯ ಜನ ಆರಿಸಿ ಕಳಿಸಿದ್ದು ಮುಂಬಯಿ ವಿಧಾನಸಭೆಗೆ. ರಾಮದುರ್ಗದವರ ಪಾಲಿಗಂತೂ ಮತದಾನವೇ ಹೊಸತು. ಅದು 1948 ರವರೆಗೂ ಭಾವೆ ಮನೆತನದ ಸಂಸ್ಥಾನ. 1939 ರ ಏಪ್ರಿಲ್‌ನಲ್ಲಿ ಅಲ್ಲಿಯ ಪ್ರಜಾ ಸಂಘದ ಚಳವಳಿ ಹಿಂಸೆಗೆ ತಿರುಗಿ, ಜೀವಗಳು ಹೋಗಿ, ಇಡೀ ದೇಶದ ಪತ್ರಿಕೆಗಳಲ್ಲಿ ರಾಮದುರ್ಗದ ಹೆಸರು ಬಂದಿತ್ತು. ಅರಸನ ಎದುರು ತೆರಿಗೆಯ ಮಾತೆತ್ತಿದ್ದಕ್ಕೆ ಸೆರೆಮನೆ ಕಂಡಿದ್ದ ಊರಿನವರು ಹದಿಮೂರು ವರ್ಷದ ಬಳಿಕ ಸಾಲಾಗಿ ನಿಂತು ಓಟು ಹಾಕಿದರು.

ಆಗ ಮತಪತ್ರದ ಮೇಲೆ ಯಾರ ಹೆಸರೂ ಇರುತ್ತಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಮತದಾರ ಮರೆಯೊಳಗೆ ಹೋಗಿ ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರಬೇಕು. ಹೆಸರುಗಳ ಎದುರು ಗುರುತು ಹಾಕುವ ಪದ್ಧತಿ ದೇಶದ ತುಂಬ ಬಂದದ್ದು 1962 ರ ಹೊತ್ತಿಗೆ. (ಹಳೆಯ ಪದ್ಧತಿಯೇ ಮುಂದುವರಿದಿದ್ದರೆ 1996 ರಲ್ಲಿ ಪ್ರತಿ ಶಾಲೆಯ ಕೊಠಡಿಯಲ್ಲಿ 456 ಪೆಟ್ಟಿಗೆ ಜೋಡಿಸಬೇಕಾಗುತ್ತಿತ್ತು. ಮಾಸ್ತರರು ಕೂಡಲು ಜಾಗ ಉಳಿಯುತ್ತಿತ್ತೋ ಇಲ್ಲವೋ.)

ಚಿಹ್ನೆಯೇ ಆಗ ಪ್ರಚಾರದ ಮುಕ್ಕಾಲು ಭಾಗ. ಕಾಂಗ್ರೆಸ್ಸಿನ ಗುರುತು ನೊಗ ಹೊತ್ತ ಜೋಡೆತ್ತು. 1969 ರಲ್ಲಿ ಪಕ್ಷ ಒಡೆಯುವವರೆಗೂ ಅದೇ. ಎರೆಹೊಲದ ಈ ಸೀಮೆಯಲ್ಲಿ ಅದಕ್ಕಿಂತ ಅಗ್ಗದ ಜಾಹೀರಾತು ಇನ್ನೊಂದಿಲ್ಲ. ಹೊಲಕ್ಕೆ ಹೋಗುವ ಪ್ರತಿ ಚಕ್ಕಡಿಯೂ ಒಂದು ಪಕ್ಷದ ಮೆರವಣಿಗೆಯಂತೆ ಕಾಣುತ್ತಿದ್ದ ಕಾಲ ಅದು. ಎದುರು ಪಕ್ಷದವರು ತಮ್ಮ ಗುರುತನ್ನು ತೋರಿಸಲು ಹಲಗೆ ಬರೆಸಬೇಕು, ಗೋಡೆ ಹಿಡಿಯಬೇಕು, ಕೂಗಬೇಕು. ಎದುರಾಳಿಯ ಗುರುತು ಊರಿನ ದನದ ಕೊಟ್ಟಿಗೆಯಲ್ಲೇ ಕಟ್ಟಿರುವಾಗ ಅವರಾದರೂ ಸುಮ್ಮನೆ ಕೂಡುವುದು ಹೇಗೆ?

ಅರವತ್ತು, ಎಪ್ಪತ್ತರ ದಶಕಗಳಲ್ಲಿ ಬೆಳೆದವರಿಗೆ ಆಮೇಲಿನ ಬೆಳವಣಿಗೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಸುಣ್ಣ ಬಳಿದ ಗೋಡೆ ಕಂಡರೆ ಸಾಕು, ರಾತ್ರೋರಾತ್ರಿ ನೀಲಿಯಲ್ಲೋ ಕೆಮ್ಮಣ್ಣಿನಲ್ಲೋ ಗುರುತು ಮೂಡುತ್ತಿತ್ತು. ದೀಪಾವಳಿಗೆ ಬಳಿಸಿದ ಗೋಡೆಯ ಮಾಲೀಕನನ್ನು ಯಾರೂ ಕೇಳುತ್ತಿರಲಿಲ್ಲ. ಕೇಳಿದರೂ ಅವನು ಇಲ್ಲವೆನ್ನುವಂತಿರಲಿಲ್ಲ. ಜೀಪಿನ ಮೇಲೆ ಕಟ್ಟಿದ ಧ್ವನಿವರ್ಧಕ ಊರ ಅಗಸಿಯಿಂದ ಚಾವಡಿಯವರೆಗೆ ಒಂದೇ ವಾಕ್ಯವನ್ನು ನೂರು ಸಲ ಹೇಳಿ ಹೋಗುತ್ತಿತ್ತು. ಗೋಡೆಯ ಬರಹ ಮಾತ್ರ ಚುನಾವಣೆ ಮುಗಿದ ಮೇಲೂ ಮಳೆಗಾಲ ಬರುವವರೆಗೆ ಉಳಿಯುತ್ತಿತ್ತು. ಸೋತವನ ಗುರುತನ್ನು ಅಳಿಸುವ ಕೂಲಿ ಯಾರೂ ಕೊಡುವುದಿಲ್ಲವಲ್ಲ. ರಾಜ್ಯ ಸರ್ಕಾರ 1981 ರಲ್ಲಿ ಬಯಲು ಸ್ಥಳಗಳ ವಿರೂಪ ತಡೆ ಕಾಯ್ದೆ ತಂದಿತು. ಆದರೆ ಅದನ್ನು ಜಾರಿಗೆ ತರಬೇಕಾದವರೇ ಗೋಡೆ ಬರೆಸುತ್ತಿದ್ದವರಾದ್ದರಿಂದ ಬಹುಕಾಲ ಅದು ಪುಸ್ತಕದಲ್ಲೇ ಉಳಿಯಿತು.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಒಂದು ಕಾನೂನಿನ ಉತ್ತರವೂ ಇದೆ. ಅಭ್ಯರ್ಥಿಯ ಖರ್ಚಿಗೆ ಮಿತಿ ಮೊದಲಿನಿಂದಲೂ ಉಂಟು. 1974 ರಲ್ಲಿ ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಭ್ಯರ್ಥಿಗಾಗಿ ಅವನ ಪಕ್ಷ ಮಾಡುವ ಖರ್ಚೂ ಅವನ ಲೆಕ್ಕಕ್ಕೇ ಸೇರಬೇಕು ಎಂದಿತು. ತೀರ್ಪಿನ ಶಾಯಿ ಆರುವ ಮೊದಲೇ ಅದೇ ವರ್ಷ ಕಾಯ್ದೆಗೆ ಒಂದು ವಿವರಣೆ ಸೇರಿಸಿ, ಪಕ್ಷ ಅಥವಾ ಹಿತೈಷಿಗಳು ಮಾಡುವ ಖರ್ಚು ಲೆಕ್ಕಕ್ಕಿಲ್ಲ ಎಂದು ಸರ್ಕಾರ ತಿದ್ದಿತು. ಅಂದರೆ ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ತೆರೆದೇ ಇದೆ. ಮುಂದೆ 2003 ರಲ್ಲಿ ಹಿತೈಷಿಗಳ ಖರ್ಚಿನ ವಿನಾಯಿತಿ ಬಹುಮಟ್ಟಿಗೆ ಹೋಯಿತಾದರೂ, ಪಕ್ಷದ ಸಾಮಾನ್ಯ ಪ್ರಚಾರದ ಖರ್ಚಿಗೆ ಮಿತಿ ಎಂಬುದು ಬರಲೇ ಇಲ್ಲ.

ಮತದಾರನ ಕಡೆಯಿಂದ ಮೊದಲ ದೊಡ್ಡ ಉತ್ತರ ಹೊರಟದ್ದು ಮಲಪ್ರಭೆಯ ನೀರಿನಿಂದ. ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಬಳಿ, ನವಿಲುತೀರ್ಥದಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯ ನೀರು ಎಪ್ಪತ್ತರ ದಶಕದಲ್ಲಿ ಕಾಲುವೆಗಿಳಿಯಿತು. ವೇದಿಕೆಯ ಮೇಲೆ ನೀರಿನ ಮಾತು ಎಷ್ಟು ಸೊಗಸಾಗಿತ್ತೋ ಹೊಲದಲ್ಲಿ ಅಷ್ಟು ಸೊಗಸಾಗಿರಲಿಲ್ಲ. ಎರೆಭೂಮಿಯಲ್ಲಿ ಕೆಲವೆಡೆ ನೀರು ನಿಂತು ಜವುಳಾಯಿತು, ಕೆಲವೆಡೆ ನೀರು ಮುಟ್ಟಲೇ ಇಲ್ಲ. ಆದರೆ ಅಭಿವೃದ್ಧಿ ಕರದ ನೋಟೀಸು ಮಾತ್ರ ಮುಟ್ಟಿತು. ಮಲಪ್ರಭಾ ನೀರಾವರಿ ಪ್ರದೇಶದ ರೈತರು ಒಂದಾಗಿ ಚಳವಳಿ ಹೂಡಿದರು. 1980 ರ ಜುಲೈ 21 ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಅದರ ಕಾವಿನಲ್ಲೇ ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983 ರ ಜನವರಿಯಲ್ಲಿ ಗುಂಡೂರಾಯರ ಸರ್ಕಾರ ಬಿದ್ದದ್ದಕ್ಕೆ ಅನೇಕ ಕಾರಣಗಳಿದ್ದರೂ ನರಗುಂದದ ಹೆಸರು ಅವುಗಳಲ್ಲಿ ಮೊದಲ ಸಾಲಿನದು.

ರೈತ ಸಂಘ ಮಾಡಿದ ಒಂದು ಕೆಲಸ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಸಾಲ, ಕರ ವಸೂಲಿಗೆ ಬರುವ ಅಧಿಕಾರಿಗಳು ಮೊದಲೇ ಅನುಮತಿ ಪಡೆಯದೆ ಊರೊಳಗೆ ಬರಬಾರದು ಎಂಬ ಅರ್ಥದ ಹಲಗೆಗಳನ್ನು ಅದು ಹಳ್ಳಿಗಳ ಬಾಗಿಲಲ್ಲಿ ನೆಡಿಸಿತು. ಹಲಗೆ ಬರೆದದ್ದು ಅಧಿಕಾರಿಗಳಿಗೆ, ಉಮೇದುವಾರರಿಗಲ್ಲ, ನಿಜ. ಆದರೆ ಅಲ್ಲಿಯವರೆಗೆ ಊರಿನ ಗೋಡೆಯ ಮೇಲೆ ಹೊರಗಿನವರು ಬರೆಯುತ್ತಿದ್ದರು, ಊರವರು ಓದುತ್ತಿದ್ದರು. ಈಗ ಊರವರು ಬರೆದರು, ಹೊರಗಿನಿಂದ ಬಂದವರು ಜೀಪು ನಿಲ್ಲಿಸಿ ಓದಬೇಕಾಯಿತು. ಬಣ್ಣದ ಡಬ್ಬಿ ಕೈ ಬದಲಾಯಿಸಿತ್ತು.

1989 ರ ವಿಧಾನಸಭಾ ಚುನಾವಣೆಯಲ್ಲಿ ಈ ಹಸಿರು ಶಾಲು ಕಣಕ್ಕಿಳಿಯಿತು. ರೈತ ಸಂಘಕ್ಕೆ ಸಿಕ್ಕಿದ್ದು ಎರಡೇ ಸ್ಥಾನ, ಎರಡನ್ನೂ ಗೆದ್ದವರು ಒಬ್ಬರೇ: ಚಿಕ್ಕಬಾಗೇವಾಡಿಯ ಬಾಬಾಗೌಡ ಪಾಟೀಲರು. ಕಿತ್ತೂರಿನಲ್ಲೂ ಗೆದ್ದರು, ಧಾರವಾಡ ಗ್ರಾಮೀಣದಲ್ಲೂ ಗೆದ್ದರು. ಅವರು ಕಿತ್ತೂರನ್ನು ಉಳಿಸಿಕೊಂಡು ಬಿಟ್ಟುಕೊಟ್ಟ ಧಾರವಾಡ ಗ್ರಾಮೀಣದಿಂದ, ಉಪಚುನಾವಣೆಯಲ್ಲಿ ಆರಿಸಿ ಬಂದವರು ಪ್ರೊ. ಎಂ.ಡಿ. ನಂಜುಂಡಸ್ವಾಮಿ. ರಾಜ್ಯದ ಇನ್ನೆಲ್ಲೂ ದಕ್ಕದ ಗೆಲುವು ಕಿತ್ತೂರು–ಧಾರವಾಡದ ಈ ಪಟ್ಟಿಯಲ್ಲೇ ದಕ್ಕಿತೆಂಬುದು ಯೋಚಿಸಬೇಕಾದ ಸಂಗತಿ. ದುಡ್ಡಿನ ಪ್ರಚಾರಕ್ಕೆ ಹೊರತಾದ ದಾರಿಯೊಂದು ಇದೆ ಎಂದು ಒಂದು ಸಲಕ್ಕಾದರೂ ಜನಕ್ಕೆ ಅನ್ನಿಸಿದ್ದು ಇಲ್ಲಿ. ಆ ದಾರಿ ಬಹಳ ದೂರ ಹೋಗಲಿಲ್ಲ. ಸಂಘ ಒಡೆಯಿತು. ಬಾಬಾಗೌಡರು ಭಾರತೀಯ ಜನತಾ ಪಕ್ಷ ಸೇರಿ, 1998 ರಲ್ಲಿ ಬೆಳಗಾವಿಯಿಂದ ಲೋಕಸಭೆಗೆ ಗೆದ್ದು, ವಾಜಪೇಯಿ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿಯ ರಾಜ್ಯ ಸಚಿವರಾದರು. ಮರುವರ್ಷವೇ ಕ್ಷೇತ್ರ ಕಾಂಗ್ರೆಸ್ಸಿಗೆ ಹೋಯಿತು. ಅವರು 2021 ರಲ್ಲಿ ತೀರಿಕೊಂಡರು.

ಈ ನಡುವೆ ದೆಹಲಿಯಲ್ಲಿ ಟಿ.ಎನ್. ಶೇಷನ್ ಬಂದಿದ್ದರು. ಚುನಾವಣಾ ನೀತಿ ಸಂಹಿತೆ ಅವರು ಬರೆದದ್ದಲ್ಲ. ಅದರ ಮೂಲ 1960 ರ ಕೇರಳ ಚುನಾವಣೆಯಲ್ಲಿದೆ. ಆದರೆ ಮೂವತ್ತು ವರ್ಷ ಮನೆಯ ದೇವರ ಪಟದಂತೆ ಗೋಡೆಯ ಮೇಲಿದ್ದ ಸಂಹಿತೆಯನ್ನು ಕೆಳಗಿಳಿಸಿ ಕೈಗೆ ಕೋಲು ಕೊಟ್ಟವರು ಅವರು. ಕರ್ನಾಟಕಕ್ಕೆ ಅದರ ಪೂರ್ಣ ಅನುಭವವಾದದ್ದು 1994 ರ ವಿಧಾನಸಭಾ ಚುನಾವಣೆಯಲ್ಲಿ. ಗೋಡೆ ಬರಹ ನಿಂತಿತು, ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ನಿಂತಿತು, ವಾಹನಗಳಿಗೆ ಲೆಕ್ಕ ಬಂತು, ಖರ್ಚು ನೋಡಲು ಹೊರರಾಜ್ಯದ ವೀಕ್ಷಕರು ಬಂದರು. ಚುನಾವಣೆಯ ಕಳೆಯೇ ಹೋಯಿತೆಂದು ಕಾರ್ಯಕರ್ತರು ಗೊಣಗಿದರು. ಪರೀಕ್ಷೆಗೆ ಓದುವ ಮಕ್ಕಳ ಮನೆಯವರು ಗೊಣಗಲಿಲ್ಲ.

ಶೇಷನ್ನರ ಶಿಸ್ತಿಗೆ ಅಂದು ಸಿಕ್ಕ ಜನಪ್ರೀತಿ ಸಣ್ಣದಲ್ಲ, ಅದು ಅರ್ಹವೂ ಹೌದು. ಆದರೆ ಒಂದು ಮಾತು. ಶಿಸ್ತು ಉಮೇದುವಾರನ ಬಾಯಿಗೆ ಬಟ್ಟೆ ಕಟ್ಟಿತು. ಮತದಾರನ ಬಾಯಿ ತೆರೆಸಲಿಲ್ಲ. ಅದು ಚುನಾವಣಾ ಆಯೋಗದ ಕೆಲಸವೂ ಅಲ್ಲವೆನ್ನಬಹುದು. ಹಾಗಾದರೆ ಯಾರ ಕೆಲಸ ಎಂಬ ಪ್ರಶ್ನೆ ಉಳಿಯಿತು. ಎರಡೇ ವರ್ಷದಲ್ಲಿ, ಶೇಷನ್ನರು ಇನ್ನೂ ಮುಖ್ಯ ಆಯುಕ್ತರಾಗಿದ್ದಾಗಲೇ, ಮೂರು ಕಡೆಯಿಂದ ಅದಕ್ಕೆ ಉತ್ತರ ಬಂತು.

ಆಂಧ್ರದ ನಲ್ಗೊಂಡ ಫ್ಲೋರೈಡ್ ನೀರು ಕುಡಿದು ಮೂಳೆ ಸೊಟ್ಟಗಾದವರ ಜಿಲ್ಲೆ. ಶುದ್ಧ ನೀರು ಕೊಡಿ ಎಂಬ ಕೂಗು ಯಾರ ಕಿವಿಗೂ ಬೀಳದಿದ್ದಾಗ 1996 ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿ 480 ಮಂದಿ ಕಣದಲ್ಲಿ ನಿಂತರು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ ರೈತರು ತಮ್ಮ ಬೇಡಿಕೆಗಳಿಗಾಗಿ ಸಾಮೂಹಿಕವಾಗಿ ನಾಮಪತ್ರ ಹಾಕಿ, ಅಭ್ಯರ್ಥಿಗಳ ಸಂಖ್ಯೆ 1,033 ಕ್ಕೆ ಮುಟ್ಟಿತು. ಅಲ್ಲಿ ಮತದಾನವನ್ನು ಮುಂದೂಡಬೇಕಾಯಿತು, ಮತಪತ್ರ ಪುಸ್ತಕದ ರೂಪ ತಾಳಿತು. ಮೂರನೆಯದು ನಮ್ಮ ಬೆಳಗಾವಿ. ಆ ವರ್ಷ ಇಡೀ ದೇಶದಲ್ಲಿ ಲೋಕಸಭೆಗೆ ಸ್ಪರ್ಧಿಸಿದವರು 13,952 ಜನ, ಕ್ಷೇತ್ರಕ್ಕೆ ಸರಾಸರಿ ಇಪ್ಪತ್ತೈದು, ಇಪ್ಪತ್ತಾರು. ಅವರಲ್ಲಿ ಒಂಬೈನೂರಕ್ಕೂ ಹೆಚ್ಚು ಮಂದಿ ನಲ್ಗೊಂಡ, ಬೆಳಗಾವಿ ಎರಡೇ ಕ್ಷೇತ್ರದವರು.

ಬೆಳಗಾವಿಯ ದೂರು ಉಳಿದೆರಡರಂತಲ್ಲ. 1956 ರ ರಾಜ್ಯ ಪುನರ್ವಿಂಗಡಣೆಯಿಂದ ಹುಟ್ಟಿದ ತಕರಾರನ್ನು ಮಹಾಜನ ಆಯೋಗ 1967 ರಲ್ಲಿ ವಿಚಾರಿಸಿ, ಬೆಳಗಾವಿ ನಗರ ಇಲ್ಲೇ ಉಳಿಯಬೇಕೆಂದು ಹೇಳಿತ್ತು. ನಾವು ಒಪ್ಪಿದೆವು, ಮಹಾರಾಷ್ಟ್ರ ಒಪ್ಪಲಿಲ್ಲ. ಕನ್ನಡಿಗರಾದ ನಮಗೆ ಸಮಿತಿಯ ಬೇಡಿಕೆಯ ಬಗ್ಗೆ ಮಮತೆ ಇರಬೇಕಾಗಿಲ್ಲ, ಇಲ್ಲ. ಆದರೆ ಬೇಡಿಕೆ ಬೇರೆ, ಅದನ್ನು ಹೇಳಲು ಹಿಡಿದ ವಿಧಾನ ಬೇರೆ. ಕಲ್ಲೆಸೆಯದೆ, ಬಸ್ಸು ಸುಡದೆ, ಕಾನೂನಿನಲ್ಲಿ ಇರುವ ಅರ್ಜಿಯನ್ನೇ ನೂರಾರು ಸಲ ತುಂಬಿ ಕೊಡುವುದಕ್ಕೆ ಏನೆನ್ನಬೇಕು? ನಲ್ಗೊಂಡದವರು ಮಾಡಿದರೆ ಅಯ್ಯೋ ಪಾಪ, ಬೆಳಗಾವಿಯಲ್ಲಾದರೆ ಕುಚೋದ್ಯ ಎನ್ನುವುದು ನ್ಯಾಯದ ಮಾತಲ್ಲ.

ಹಾಗೆಂದು ಅದರ ಹೊರೆಯನ್ನು ಹೊತ್ತವರನ್ನೂ ಮರೆಯುವಂತಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದು ಪ್ರತ್ಯೇಕ ಚಿಹ್ನೆ ಬೇಕು. ಕಪ್ಪು, ಬಸಿ, ಏಣಿ, ಕತ್ತರಿ ಎಂದು ಎಣಿಸುತ್ತ ಹೋದರೂ ನಾನ್ನೂರೈವತ್ತು ಗುರುತು ಹುಡುಕುವುದು ಸಣ್ಣ ಕೆಲಸವಲ್ಲ. ಕಾನೂನಿನ ಪ್ರಕಾರ ಪ್ರತಿ ಮತಗಟ್ಟೆಯಲ್ಲೂ ಪ್ರತಿ ಅಭ್ಯರ್ಥಿ ಒಬ್ಬ ಏಜೆಂಟನನ್ನು ಕೂಡಿಸಬಹುದು. ಎಲ್ಲರೂ ಕೂಡಿಸಿದ್ದರೆ ಊರಿಗಿಂತ ಮತಗಟ್ಟೆಯೇ ದೊಡ್ಡದಾಗಬೇಕು. ಎಲ್ಲಕ್ಕಿಂತ ಕಷ್ಟ ಮತದಾರನದು. ಮತಪತ್ರದಲ್ಲಿ ಪ್ರಮುಖ ಪಕ್ಷಗಳವರ ಹೆಸರು ಮೊದಲು, ಪಕ್ಷೇತರರದ್ದು ಕೊನೆಗೆ ಎಂಬ ಕ್ರಮ ಆಗ ಇರಲಿಲ್ಲ. ಎಲ್ಲರೂ ಅಕಾರಾದಿಯಲ್ಲಿ ಬೆರೆತಿರುತ್ತಿದ್ದರು. ಓದಲು ಬಾರದ ಅಜ್ಜಿಯೊಬ್ಬಳು ನೂರಾರು ಗುರುತುಗಳ ಸಂತೆಯಲ್ಲಿ ತನಗೆ ಬೇಕಾದ ಒಂದನ್ನು ಹುಡುಕಿ, ಮುದ್ರೆ ಒತ್ತಿ, ಶಾಯಿ ಇನ್ನೊಂದು ಗುರುತಿಗೆ ತಾಗದಂತೆ ಮಡಿಚಿ, ಪೆಟ್ಟಿಗೆಯ ಸೀಳಿನೊಳಗೆ ತುರುಕಬೇಕು.

ಗೆದ್ದವರು ಜನತಾದಳದ ಶಿವಾನಂದ ಕೌಜಲಗಿ. ಉಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಠೇವಣಿ ಕಳೆದುಕೊಂಡಿರಲೇಬೇಕು. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದಕ್ಕಿಂತ ಹೆಚ್ಚು ಬಂದರೆ ಮಾತ್ರ ಠೇವಣಿ ವಾಪಸು ಎಂಬ ನಿಯಮದಲ್ಲಿ, ಎಷ್ಟೇ ಜನ ನಿಂತರೂ ಐದಕ್ಕಿಂತ ಹೆಚ್ಚು ಮಂದಿ ಅದನ್ನು ಉಳಿಸಿಕೊಳ್ಳಲು ಲೆಕ್ಕವೇ ಬಿಡುವುದಿಲ್ಲ. ಕಳೆದುಕೊಂಡದ್ದಾದರೂ ಎಷ್ಟು? ಲೋಕಸಭೆಗೆ ಠೇವಣಿ 500 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. 1951 ರ ಕಾಯ್ದೆಯಲ್ಲಿ ಬರೆದ ಮೊತ್ತ ನಲವತ್ತೈದು ವರ್ಷ ಹಾಗೇ ಇತ್ತು. 1951 ರಲ್ಲಿ ಐನೂರು ರೂಪಾಯಿ ಎಂದರೆ ಸಾಮಾನ್ಯನ ಕೈಗೆಟುಕದ ಗಂಟು. 1996 ರ ಹೊತ್ತಿಗೆ ಹೊಲದ ಕೂಲಿ ಮಾಡುವವನೂ ನಾಲ್ಕು ಜನ ಸೇರಿಸಿ ಹೊಂದಿಸಬಹುದಾದ ಹಣ. ಹಣದುಬ್ಬರವೇ ಬಡವನಿಗೆ ಸಂಸತ್ತಿನ ಬಾಗಿಲನ್ನು ತುಸು ತೆರೆದಿತ್ತು ಎಂದರೆ ನಗೆಯಾಡಬೇಡಿ.

ಆ ಬಾಗಿಲು ಮುಚ್ಚಲು ಹೆಚ್ಚು ದಿನ ಹಿಡಿಯಲಿಲ್ಲ. 1996 ರ ಆಗಸ್ಟ್ 1 ರಿಂದ ತಿದ್ದುಪಡಿ ಜಾರಿಗೆ ಬಂತು. ಆಗ ಪ್ರಧಾನಿ ನಮ್ಮವರೇ ಆದ ಎಚ್.ಡಿ. ದೇವೇಗೌಡರು. ಸುಧಾರಣೆಯ ಮಾತು 1990 ರ ದಿನೇಶ್ ಗೋಸ್ವಾಮಿ ಸಮಿತಿಯಷ್ಟು ಹಳೆಯದು; ಆದರೆ ಆರು ವರ್ಷ ತೂಕಡಿಸಿದ ಕಡತ ಮೂರು ಕ್ಷೇತ್ರಗಳ ಮತಪತ್ರ ನೋಡಿದ ಮೇಲೆ ಎದ್ದು ಕುಳಿತದ್ದರಲ್ಲಿ ಆಶ್ಚರ್ಯವಿಲ್ಲ. ಲೋಕಸಭೆಯ ಠೇವಣಿ 500 ರಿಂದ 10,000 ಕ್ಕೆ, ವಿಧಾನಸಭೆಯದು 250 ರಿಂದ 5,000 ಕ್ಕೆ ಏರಿತು. ಮಾನ್ಯತೆ ಪಡೆದ ಪಕ್ಷದವನಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ ಹತ್ತು ಜನ ಬೇಕು. ಮತಪತ್ರದಲ್ಲಿ ಮಾನ್ಯ ಪಕ್ಷಗಳು ಮೊದಲು, ನೋಂದಾಯಿತ ಪಕ್ಷಗಳು ಆಮೇಲೆ, ಪಕ್ಷೇತರರು ಕೊನೆಗೆ. ಒಬ್ಬರು ಎರಡಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ನಿಲ್ಲುವಂತಿಲ್ಲ. ಮತದಾನದ ಸಮಯಕ್ಕೆ ಮದ್ಯ ಮಾರುವಂತಿಲ್ಲ, ದುಡಿಯುವವರಿಗೆ ಅಂದು ಸಂಬಳ ಸಹಿತ ರಜೆ. ನಾಮಪತ್ರ ಹಿಂತೆಗೆಯುವ ಕೊನೆಯ ದಿನಕ್ಕೂ ಮತದಾನಕ್ಕೂ ನಡುವೆ ಕನಿಷ್ಠ ಇಪ್ಪತ್ತು ದಿನ ಇರಬೇಕಿದ್ದುದು ಹದಿನಾಲ್ಕಕ್ಕೆ ಇಳಿಯಿತು.

ಇದರಲ್ಲಿ ಒಳ್ಳೆಯದೂ ಸಾಕಷ್ಟಿದೆ. ಪ್ರಚಾರದ ಗಲಾಟೆ ಒಂದು ವಾರದಷ್ಟು ಕಡಿಮೆಯಾದದ್ದು, ಕೂಲಿಯವನಿಗೆ ರಜೆ ಸಿಕ್ಕಿದ್ದು ಯಾರಿಗೆ ಬೇಡ? ಆದರೆ ಠೇವಣಿಯ ಲೆಕ್ಕವನ್ನು ಬಿಡಿಸಿ ನೋಡಬೇಕು. 456 ಜನ 500 ರಂತೆ ಕಟ್ಟಿದರೆ 2,28,000 ರೂಪಾಯಿ. 10,000 ದಂತೆ ಕಟ್ಟಿದರೆ 45,60,000. 2010 ರಿಂದ ಠೇವಣಿ 25,000 ಆಗಿದೆ. ಆ ದರದಲ್ಲಿ 1 ಕೋಟಿ 14 ಲಕ್ಷ. ದೂರು ಹೇಳುವ ಶುಲ್ಕ ಐವತ್ತು ಪಟ್ಟು ಏರಿತು. ಪ್ರಚಾರ ಮಾಡುವವನ ಪಾಲಿಗೆ? ಕರ್ನಾಟಕದಂಥ ದೊಡ್ಡ ರಾಜ್ಯದಲ್ಲಿ ಲೋಕಸಭಾ ಅಭ್ಯರ್ಥಿಯ ಖರ್ಚಿನ ಮಿತಿಯನ್ನು 2022 ರಲ್ಲಿ 95 ಲಕ್ಷಕ್ಕೆ ಏರಿಸಲಾಯಿತು, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಬೇಸತ್ತ ಮತದಾರ ಮತಪತ್ರದ ಮೇಲೆ ಗದ್ದಲ ಮಾಡಿದಾಗ ತಿಂಗಳುಗಳೊಳಗೆ ಕಾನೂನು ಬಂತು. ಮತದಾರನನ್ನು ಬೇಸರಪಡಿಸಿದ ಖರ್ಚಿಗೆ ಅಂಥ ಅವಸರದ ಕಾನೂನು ಬರಲಿಲ್ಲ. ಎರಡನ್ನೂ ಮಾಡಬೇಕಾದವರು ಒಂದೇ ಸದನದವರು.

ಗೋಡೆಗಳು ಸ್ವಚ್ಛವಾದವು, ಪ್ರಚಾರ ಬೇರೆ ಕಡೆಗೆ ಹೊರಟಿತು. 1984 ರಲ್ಲಿ ರಾಜೀವ್ ಗಾಂಧಿಯವರ ಕಾಂಗ್ರೆಸ್ಸು ರೀಡಿಫ್ಯೂಷನ್ ಎಂಬ ಜಾಹೀರಾತು ಸಂಸ್ಥೆಗೆ ಕೆಲಸ ವಹಿಸಿದಾಗ, ಸಾಬೂನು ಮಾರುವವರಿಂದ ಪಕ್ಷ ಮಾರಿಸುವುದೇ ಎಂದು ಮೂಗು ಮುರಿದವರಿದ್ದರು. 2004 ರಲ್ಲಿ ‘ಭಾರತ ಪ್ರಕಾಶಿಸುತ್ತಿದೆ’ ಎಂಬ ಭಾರಿ ಜಾಹೀರಾತಿನ ಹೊತ್ತಿಗೆ ಯಾರೂ ಮೂಗು ಮುರಿಯುತ್ತಿರಲಿಲ್ಲ. ಆ ಜಾಹೀರಾತು ಮಾಡಿಸಿದ ಸರ್ಕಾರ ದೇಶದಲ್ಲಿ ಸೋತಿತು. ಬೆಳಗಾವಿಯಲ್ಲಿ ಮಾತ್ರ ಅದೇ ಪಕ್ಷದ ಸುರೇಶ ಅಂಗಡಿ ಗೆದ್ದರು, ಮುಂದೆ ಮೂರು ಸಲವೂ ಗೆದ್ದರು. ಆದ್ದರಿಂದ ಜಾಹೀರಾತು ಗೆಲ್ಲಿಸುತ್ತದೆ ಎನ್ನುವವರೂ ಸೋಲಿಸುತ್ತದೆ ಎನ್ನುವವರೂ ಸ್ವಲ್ಪ ತಡೆಯುವುದು ಒಳ್ಳೆಯದು. ಅದೇ 2004 ರಲ್ಲಿ ಟೀವಿಯ ರಾಜಕೀಯ ಜಾಹೀರಾತುಗಳನ್ನು ಮೊದಲು ಪರಿಶೀಲಿಸಿ ಪ್ರಮಾಣೀಕರಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಜಾಹೀರಾತೆಂದು ಹೇಳದೆ ಸುದ್ದಿಯ ವೇಷದಲ್ಲಿ ಬರುವ ಜಾಹೀರಾತಿನ ರೋಗವನ್ನು ಪತ್ರಿಕಾ ಮಂಡಳಿ 2010 ರ ವರದಿಯಲ್ಲಿ ಚರ್ಚಿಸಿತು. ಪತ್ರಿಕೆಯಲ್ಲಿ ಬರೆಯುವವರು ಆ ವಿಷಯದಲ್ಲಿ ದನಿ ಏರಿಸುವ ಮೊದಲು ಕನ್ನಡಿ ನೋಡಿಕೊಳ್ಳಬೇಕು. ಈಗ ಪ್ರಚಾರ ಬರುವುದು ಅಂಗಿಯ ಜೇಬಿನೊಳಗೇ. ಫೋನಿಗೆ ರಾತ್ರಿ ಹತ್ತು ಗಂಟೆ ಎಂಬುದಿಲ್ಲ.

ಪ್ರಚಾರದ ವಾಹನ ಬದಲಾದರೂ ಸರಕು ಅಷ್ಟಾಗಿ ಬದಲಾಗಲಿಲ್ಲ ಎಂಬುದಕ್ಕೆ ಮಲಪ್ರಭೆಯ ಜನಕ್ಕೆ ಉದಾಹರಣೆ ಹೊರಗೆ ಹುಡುಕಬೇಕಾಗಿಲ್ಲ. ಕಳಸಾ-ಬಂಡೂರಿ ಹೊಳೆಗಳ ನೀರನ್ನು ತಿರುಗಿಸಿ ನವಿಲುತೀರ್ಥದ ಜಲಾಶಯಕ್ಕೆ ತರುವ ಭರವಸೆ ಗೋಡೆ ಬರಹದ ಕಾಲವನ್ನೂ ನೋಡಿದೆ, ಟೀವಿಯ ಕಾಲವನ್ನೂ ನೋಡಿದೆ, ಫೋನಿನ ಕಾಲವನ್ನೂ ನೋಡುತ್ತಿದೆ. ಮಹದಾಯಿ ನ್ಯಾಯಮಂಡಳಿ 2018 ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಅಡಿ ಹಂಚಿತು, 2020 ರ ಫೆಬ್ರುವರಿಯಲ್ಲಿ ಅದು ಕೇಂದ್ರದ ರಾಜ್ಯಪತ್ರದಲ್ಲಿ ಬಂತು. 2024 ರ ಲೋಕಸಭಾ ಚುನಾವಣೆಯ ಹೊತ್ತಿಗೂ ತಿರುವು ಕಾಮಗಾರಿ ಮುಗಿದಿರಲಿಲ್ಲ.

ದೂರು ಹೇಳಲು ಮತದಾರನಿಗೆ ಕಾನೂನು ಕೊಟ್ಟ ಹೊಸ ಸಾಧನ ಒಂದೇ, ನೋಟಾ. ಯಾರಿಗೂ ಓಟಿಲ್ಲ ಎಂದು ಹೇಳುವ ಹಕ್ಕು ಮೊದಲೂ ನಿಯಮದಲ್ಲಿ ಇತ್ತು, ಆದರೆ ಮತಗಟ್ಟೆಯ ಅಧಿಕಾರಿಯ ಎದುರು ಬರೆಸಿ ಸಹಿ ಮಾಡಬೇಕು. ಏಜೆಂಟರೆಲ್ಲ ಕಣ್ಣರಳಿಸಿ ನೋಡುತ್ತಿರುವಾಗ ಹಳ್ಳಿಯಲ್ಲಿ ಅದನ್ನು ಮಾಡುವ ಧೈರ್ಯ ಯಾರಿಗೆ? ಅದನ್ನೂ ಗುಟ್ಟಾಗಿ ಹೇಳಲು ಗುಂಡಿ ಇರಬೇಕೆಂದು ಸುಪ್ರೀಂ ಕೋರ್ಟು 2013 ರ ಸೆಪ್ಟೆಂಬರ್ 27 ರಂದು ತೀರ್ಪು ಕೊಟ್ಟಿತು. 2014 ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ ಸುಮಾರು 60 ಲಕ್ಷ ಜನ ಅದನ್ನು ಒತ್ತಿದರು. ಒತ್ತಿದ್ದರಿಂದ ಫಲಿತಾಂಶ ಬದಲಾಗುವುದಿಲ್ಲ. ನೋಟಾಕ್ಕೇ ಎಲ್ಲರಿಗಿಂತ ಹೆಚ್ಚು ಮತ ಬಂದರೂ ಅದರ ನಂತರದವನೇ ಗೆದ್ದವನು. ನೂರಾರು ನಾಮಪತ್ರಗಳು ಒಂದು ಚುನಾವಣಾ ವ್ಯವಸ್ಥೆಯನ್ನೇ ತಡವರಿಸುವಂತೆ ಮಾಡಿದ್ದವು. ನೋಟಾ ಯಾರ ನಿದ್ದೆಯನ್ನೂ ಕೆಡಿಸಿದಂತೆ ಕಾಣುವುದಿಲ್ಲ.

ಹಳೆಯ ವಿಧಾನವನ್ನೂ ಬೆಳಗಾವಿ ಪೂರ್ತಿ ಮರೆಯಲಿಲ್ಲ. 25,000 ರೂಪಾಯಿ ಠೇವಣಿಯ ಕಾಲದಲ್ಲೂ, 2019 ರಲ್ಲಿ, ಏಕೀಕರಣ ಸಮಿತಿ ಮತ್ತೆ ಹತ್ತಾರು ಜನರನ್ನು ನಿಲ್ಲಿಸಿ ಕಣದಲ್ಲಿ 57 ಮಂದಿ ಆದರು. ತೆಲಂಗಾಣದ ನಿಜಾಮಾಬಾದಿನಲ್ಲಿ ಅರಿಸಿನ ಬೆಳೆಗಾರರು ಬೆಲೆಗಾಗಿ ಅದೇ ಮಾಡಿದರು, ಅಲ್ಲಿ 185. ಮತಯಂತ್ರದ ಒಂದು ಬ್ಯಾಲೆಟ್ ಯೂನಿಟ್ಟಿನಲ್ಲಿ ಹಿಡಿಸುವುದು ಹದಿನಾರು ಹೆಸರು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಮತಗಟ್ಟೆಗಳಲ್ಲಿ ಆ ಸಲ ಮೇಜಿನ ಮೇಲೆ ನಾಲ್ಕು ಯಂತ್ರ ಸಾಲಾಗಿ ಜೋಡಿಸಬೇಕಾಯಿತು. ಯಾರೂ ಬೇಡ ಎನ್ನುವ ಮತದಾರ ಮೂರು ಯಂತ್ರಗಳನ್ನು ದಾಟಿ, ನಾಲ್ಕನೆಯದರ ಒಂಬತ್ತು ಹೆಸರನ್ನೂ ದಾಟಿ, ಹತ್ತನೆಯ ಗುಂಡಿ ಹುಡುಕಿಕೊಳ್ಳಬೇಕಿತ್ತು.